ಅತಿಥಿಗೆ ದಂಡವಿಲ್ಲ

ಜೂನ್ ೧೧, ಮಂಗಳವಾರ

ಕತ್ತಲಿರುವಾಗಲೇ ಎದ್ದು ಒಲೆ ಹಚ್ಚಿದೆ. ಹನ್ನೆರಡು ಜನಕ್ಕೆ ಬಿಸಿನೀರು, ಓಟ್ಸ್ ಗಂಜಿ, ಮೊಟ್ಟೆ. ಡೆಡ್ಜಾ ಗುಡ್ಡಸೀಮೆಯ ಜೂನ್ ಚಳಿ ಇವರಿಗೆ ಗೊತ್ತಿರಲಿಲ್ಲ. ಆಫ್ರಿಕಾ ಅಂದರೆ ಬಿಸಿಲು ಅಂತ ಚಡ್ಡಿ ತುಂಬಿಕೊಂಡು ಬಂದಿದ್ದಾರೆ. ಈಗ ಗೆಸ್ಟ್‌ಹೌಸಿನ ಕಂಬಳಿ ಹೊದ್ದೇ ಪ್ರಾರ್ಥನೆ.

ಸೇವೆ ಮಾಡಲು ಬಂದವರು, ಸನ್‌ಸ್ಕ್ರೀನ್ ಡಬ್ಬಿ ತಂದವರು. ಪ್ರಾಸ ತಾನಾಗಿ ಬರುತ್ತದೆ, ಬಿಕ್ಕಳಿಕೆಯ ಹಾಗೆ. ಕೇಳಲು ಯಾರೂ ಇಲ್ಲ. ಹೆಂಡತಿ ತಿಯಾಮಿಕೆ ಇದ್ದಾಗ ಅವಳಿಗೆ ಕನ್ನಡದಲ್ಲೇ ಹೇಳುತ್ತಿದ್ದೆ. ಒಂದಕ್ಷರ ತಿಳಿಯದಿದ್ದರೂ ಪ್ರಾಸ ಕೂಡುವ ಕಡೆ ಸರಿಯಾಗಿ ನಗುತ್ತಿದ್ದಳು.

ಹನ್ನೆರಡು ಜನ — ಶಿಷ್ಯರ ಲೆಕ್ಕ ಸರಿ. ಗುರುವಿಗೆ ದ್ರೋಹ ಬಗೆದ ಯೂದ ಯಾರೆಂದು ಇನ್ನೂ ಗೊತ್ತಾಗಿಲ್ಲ. ಮುಂದಾಳು ಪಾಸ್ಟರ್ ಡ್ವೈಟ್, ಅಮೆರಿಕದ ಯಾವುದೋ ಮೆಕ್ಕೆಜೋಳದ ಸೀಮೆಯವರು. ಒಳ್ಳೆಯ ಮನುಷ್ಯ, ಕೈ ಸುಮ್ಮನಿರುವುದಿಲ್ಲ. ತಿಯಾಮಿಕೆಯ ಊರಾದ ಚಿಂಗೋಲಿಯ ಚರ್ಚಿಗೆ ತಗಡು ಹೊದಿಸಿಯೇ ಹೋಗುವ ಹಠ. ನಾನು ಡ್ರೈವರ್, ದುಭಾಷಿ, ಅಡುಗೆಯವ. ಬೆಟಗೇರಿಯಿಂದ ಮಿಷನ್ ಶಾಲೆಗೆ ಗಣಿತ ಕಲಿಸಲು ಬಂದು ಇಪ್ಪತ್ತು ವರ್ಷ. ಬೇಡ ಅನ್ನಲು ಬಾರದವನಿಗೆ ಮಿಷನ್ನಿನಲ್ಲಿ ಎಲ್ಲ ಕೆಲಸವೂ ಬರುತ್ತದೆ.

ಇಪ್ಪತ್ತೆರಡು, ಶನಿವಾರ — ತಿಯಾಮಿಕೆಯ ಸಮಾಧಿಗೆ ಕಲ್ಲು. ವರ್ಷ ಕಳೆದ ಮೇಲೆ ಊರೇ ಕೂಡಿ ಸಿಮೆಂಟಿನ ಕಟ್ಟೆ ಕಟ್ಟಿ ಹೆಸರಿನ ಕಲ್ಲು ನಿಲ್ಲಿಸಬೇಕು. ಕಲ್ಲು ಬಂದಿದೆ. ಮಂಚದ ಕೆಳಗಿದೆ. ದಿನವೂ ಕಾಲಿಗೆ ತಾಗುತ್ತದೆ. ನೋವೇನೂ ಆಗುವುದಿಲ್ಲ.

ಜೂನ್ ೧೩, ಗುರುವಾರ, ಸಂಜೆ

ತಂಡದವರು ಓದುವ ಕನ್ನಡಕ ಹಂಚಿದರು. ಓದಲು ಬಾರದ ಮುದುಕಿಯರೂ ಹಾಕಿಕೊಂಡು ಹೋದರು. ಬೀನ್ಸಿನಲ್ಲಿ ಕಲ್ಲು ಆರಿಸಲು ಅನುಕೂಲವಂತೆ.

ತಿಯಾಮಿಕೆಯ ಸೋದರಮಾವ ಕಚಿಗಾಂಬ ಬಂದಿದ್ದರು. ಇಲ್ಲಿ ಮನೆಗೆ ಹಿರಿಯ ಅಂದರೆ ಸೋದರಮಾವ. ಗಂಡ ಹೆಂಡತಿಯ ಊರಿಗೆ ಹೋಗಿ ಬಾಳುತ್ತಾನೆ. ನಮ್ಮ ಕಡೆ ಮನೆಅಳಿಯ ಅಂದರೆ ಮೂಗು ಮುರಿಯುತ್ತಾರೆ, ಇಲ್ಲಿ ಊರ ತುಂಬ ಮನೆಅಳಿಯಂದಿರೇ. ಇವರ ಭಾಷೆ ನನ್ನ ಕಿವಿಗೆ ಬೆಟಗೇರಿ ಮಾತಾಗಿಯೇ ಬೀಳುತ್ತದೆ.

"ಏನು ಅಳಿಯದೇವ್ರೂ, ಬಿಳಿ ಮಂದೀಗೆ ಅಡಗಿ ಮಾಡಿ ಮಾಡಿ ನೀವೂ ಬೆಳ್ಳಗಾಗಾಕ ಹತ್ತೀರಲ್ಲ!"

"ಚಳಿ, ಮಾವಾ."

"ಚಳಿ ಎಲ್ಲಾರಿಗೂ ಐತಿ. ಮಣ್ಣಿಗೆ ಬರಾಕ ಮಾತ್ರ ನಿಮಗೊಬ್ಬರಿಗೇ ಚಳಿ. ತಿಯಾಮಿಕೆ ಹೋದ ಮ್ಯಾಲೆ ಊರಾಗ ಎಷ್ಟು ಮಂದಿ ಸತ್ರು? ಒಂದಕ್ಕಾದ್ರೂ ಬಂದು ಕುಂತ್ರಿ?"

"ಗಾಡಿ ರಿಪೇರಿ ಇತ್ತು..."

"ಕೂಡೋದು ಗಾಡಿ ಅಲ್ಲಪಾ, ಕುಂಡಿ."

ಆಮೇಲೆ ದನಿ ತಗ್ಗಿಸಿದರು. "ಕುಣಿ ತೋಡೋರು ಎಲ್ಲಾ ನೋಡ್ತಿರ್ತಾರ. ಸ್ಮಶಾನ ಅವರ ಕೈಯಾಗ. ಅವರು ಬರಲಿಲ್ಲಂದ್ರ ನಿಮ್ಮ ಕಲ್ಲು ಮಂಚದ ಕೆಳಗ. ನನ್ನ ಕೈಲೂ ಏನೂ ಆಗೂದಿಲ್ಲ."

ತಲೆಯಾಡಿಸಿದೆ. ಹೋಗಿಲ್ಲ, ನಿಜ. ಹೋಗಿ ಕೂತರೆ ಅಳು ಬರಬೇಕು. ಬರದಿದ್ದರೆ ಜನ ಮುಖ ನೋಡುತ್ತಾರೆ. ಹೀಗಾಗಿ ಗಾಡಿಗೆ ಆಗಾಗ ಕಾಯಿಲೆ.

ಜೂನ್ ೧೭, ಸೋಮವಾರ

ಯೂದ ಯಾರೆಂದು ಗೊತ್ತಾಯಿತು.

ಸಂಜೆ ಕೆಲಸ ಮುಗಿಸಿ ಎಲ್ಲರನ್ನೂ ಕರೆದುಕೊಂಡು ಬರುತ್ತಿದ್ದೆ. ಗಾಡಿಯೊಳಗೆ ಗಿಟಾರು, ಚಪ್ಪಾಳೆ, ಹಲ್ಲೆಲೂಯ. ಮಾವಿನ ಮರದ ತಿರುವಿನಲ್ಲಿ ರಸ್ತೆಯ ಮೇಲೆ ಹಸಿ ಕೊಂಬೆ ಹಾಕಿದ್ದರು. ನೋಡಿದೆ. ಕೊಂಬೆ ಅಂದುಕೊಂಡೆ. ಅದರ ಮೇಲೇ ಹಾಯಿಸಿಕೊಂಡು ಬಂದೆ.

ಈ ಊರಿನ ಕತ್ತೆಗೂ ಗೊತ್ತು — ರಸ್ತೆಯಲ್ಲಿ ಹಸಿ ಕೊಂಬೆ ಅಂದರೆ ಪಕ್ಕದ ಮನೆಯಲ್ಲಿ ಸಾವು. ಸೈಕಲ್ಲಿನವ ಇಳಿಯಬೇಕು, ಟೋಪಿಯವ ಟೋಪಿ ತೆಗೆಯಬೇಕು. ಗಾಡಿಯವ ನಿಲ್ಲಿಸಿ, ಹೋಗಿ ಸ್ವಲ್ಪ ಹೊತ್ತಾದರೂ ಕೂರಬೇಕು. ನಾನೇ ಎಷ್ಟು ಹೊಸಬರಿಗೆ ಹೇಳಿಕೊಟ್ಟಿದ್ದೇನೆ. ಕನ್ನಡಿಯಲ್ಲಿ ಕಂಡಿತು: ಅಂಗಳದಲ್ಲಿ ಕೂತ ಗಂಡಸರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಲಿಲ್ಲ. ಏಕೆಂದು ಗೊತ್ತಿಲ್ಲ. ಹಿಂದೆ ಹಾಡು ಎರಡನೇ ಚರಣಕ್ಕೆ ಬಂದಿತ್ತು.

ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಚಹಾ ಕುಡಿದರೆ, ತುಟಿಯಿಂದ ಸೋರಿದ್ದು ಅಂಗಿ ಒದ್ದೆಯಾದಾಗಲೇ ತಿಳಿಯುವುದು. ಹಾಗೆ.

ತೀರಿಕೊಂಡದ್ದು ಚಿಸಾಲೆಯ ತಾಯಿ. ಚಿಸಾಲೆ ಕುಣಿ ತೋಡುವವರ ಹಿರಿಯ. ಹೋದ ವರ್ಷ ತಿಯಾಮಿಕೆಗೆ ಕೊನೆಯ ನೀರು ಹಾಕಿದವಳು ಆ ಮುದುಕಿಯೇ.

ಪ್ರಾಸ ಬರಲಿಲ್ಲ.

ಜೂನ್ ೧೮, ಮಂಗಳವಾರ

ಬೆಳಗ್ಗೆ ಹುಂಜ ಹಿಡಿದುಕೊಂಡು ಚಿಸಾಲೆಯ ಮನೆಗೆ ಹೋದೆ. ಸಾವಿನ ಮನೆಯ ವಿಷಯದಲ್ಲಿ ತಪ್ಪಿದವನು ಕುಣಿ ತೋಡುವವರಿಗೆ ದಂಡ ಕೊಡಬೇಕು. ಅವರು ಅದನ್ನು ಸುಟ್ಟು ತಿನ್ನುತ್ತಾರೆ, ಬಾಯಿಗೆ ಬಂದಂತೆ ಬೈಯುತ್ತಾರೆ, ಅಲ್ಲಿಗೆ ಮುಗಿಯಿತು.

ಚಿಸಾಲೆ ಮರದ ಕೆಳಗೆ ಗುದ್ದಲಿಗೆ ಕಾವು ಬಿಗಿಯುತ್ತಿದ್ದ. "ಬರ್ರಿ," ಅಂದ. ಒಳಗಿಂದ ಸ್ಟೂಲು ತರಿಸಿದ. ಎಲ್ಲರೂ ನೆಲದ ಮೇಲೆ, ನನಗೊಬ್ಬನಿಗೆ ಸ್ಟೂಲು. ಆಗಲೇ ತಿಳಿಯಬೇಕಿತ್ತು.

"ದಂಡ ತಂದೀನಿ."

"ಯಾತರ ದಂಡ?"

"ನಿನ್ನೆ... ಕೊಂಬಿ ಮ್ಯಾಲೆ..."

ನಕ್ಕ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ದಂಡ ಊರಿನವರಿಗೆ, ಸಾರ್. ನೀವು ಪರದೇಶದವರು. ಅತಿಥಿಗೆ ನಾವು ದಂಡ ಹಾಕೂದಿಲ್ಲ. ಹುಂಜ ತಗೊಂಡು ಹೋಗಿ ನಿಮ್ಮ ಮಂದೀಗೆ ಸಾರು ಮಾಡ್ರಿ."

ಸಾರ್. ಮದುವೆಯ ದಿನದಿಂದ 'ಲೇ ಭಾವಾ' ಎಂದು ಬೆನ್ನಿಗೆ ಗುದ್ದುತ್ತಿದ್ದವನು.

"ಶನಿವಾರ..."

"ಶನಿವಾರ ನಮಗ ಬ್ಯಾರೆ ಕೆಲಸ ಐತಿ ಸಾರ್."

ಹುಂಜ ಕಂಕುಳಲ್ಲಿ ಬೆಚ್ಚಗಿತ್ತು. ಇಬ್ಬರೂ ತಿರುಗಿ ಬಂದೆವು. ಬಾಗಿಲಲ್ಲಿ ತಿಯಾಮಿಕೆಯ ತಂಗಿ ಎನೆಲೆಸ್ ನಿಂತಿದ್ದಳು. ಹುಂಜ ನೋಡಿದಳು, ನನ್ನನ್ನು ನೋಡಿದಳು.

"ಇದು ಜೀವಂತ ತಿರುಗಿ ಬಂತಂದ್ರ ನೀವು ಸತ್ರಿ ಭಾವಾರ."

ಮಧ್ಯಾಹ್ನ ಡ್ವೈಟ್‌ಗೆ ಹೇಳಬೇಕಾಯಿತು. ಅವರ ಕಣ್ಣು ತುಂಬಿತು. ನನ್ನ ಪಾಲಿನದೂ ಅವರೇ ತುಂಬಿಕೊಂಡರೇನೋ.

"ಸಿಮೆಂಟ್ ಮಿಕ್ಕಿದೆ. ಹನ್ನೆರಡು ಜನ ಇದ್ದೀವಿ. ಶನಿವಾರ ನಾವೇ ಹೋಗಿ ಕಟ್ಟಿಬಿಡೋಣ, ಅರ್ಧ ದಿನದ ಕೆಲಸ."

"ಅವರನ್ನು ಬಿಟ್ಟು ಸ್ಮಶಾನಕ್ಕೆ ಗುದ್ದಲಿ ಒಯ್ದರೆ ಹೆಣ ಕದಿಯೋಕೆ ಬಂದ ಹಾಗೆ, ಪಾಸ್ಟರ್."

"ಮತ್ತೆ ಏನು ಮಾಡಬಹುದು?"

"ಹೋಗಿ ಕೂರಬಹುದು."

"ಕೂತು?"

"ಕೂರೋದೇ."

"ಅದಾದ ಮೇಲೆ?"

"ಮತ್ತೆ ಕೂರೋದು."

ಡ್ವೈಟ್ ತಮ್ಮ ಅಂಗೈಗಳನ್ನೇ ನೋಡಿಕೊಂಡರು. ಅವಕ್ಕೆ ಕೆಲಸವಿಲ್ಲ ಎಂದು ಹೇಗೆ ಹೇಳುವುದು ಅನ್ನುವ ಹಾಗೆ.

ಜೂನ್ ೧೯, ಬುಧವಾರ

ಮುದುಕಿಯ ಮಣ್ಣು. ತಂಡದವರು ಸುತ್ತಿಗೆ ಕೆಳಗಿಟ್ಟು ಬಂದರು. ಎಲ್ಲರೂ ನಡೆದೇ ಹೋದೆವು. ಹೆಂಗಸರು ಹೆಣದ ಮನೆಯೊಳಗೆ, ಗಂಡಸರು ಅಂಗಳದಲ್ಲಿ. ಮತ್ತೆ ಸ್ಟೂಲು ಬಂತು. ನಾನು ಅದರ ಪಕ್ಕದಲ್ಲಿ ನೆಲಕ್ಕೆ ಕೂತೆ. ಡ್ವೈಟ್ ಅದರ ಮೇಲೆ ಕೂತರು. ಅತಿಥಿ ಅವರು, ಸರಿಯೇ.

ಯಾರೂ ಮಾತಾಡಿಸಲಿಲ್ಲ. ಒಳಗಿಂದ ಹಾಡು ಬರುತ್ತಿತ್ತು, ನಿಲ್ಲುತ್ತಿತ್ತು. ಇರುವೆ ಕಚ್ಚಿತು. ಚಿಸಾಲೆ ತನ್ನವರ ಜೊತೆ ಗುದ್ದಲಿ ಹೊತ್ತು ನನ್ನ ಮುಂದೆಯೇ ಹೋದ. ಕಣ್ಣು ಈ ಕಡೆ ಹೊರಳಲಿಲ್ಲ. ಅಳು ಬರುತ್ತದೋ ಎಂದು ಕಾದೆ. ಬಸ್ಸಿಗೆ ಕಾದ ಹಾಗೆ. ಬರಲಿಲ್ಲ.

ತಂಡದ ಲೊರೇನ್, ನಿವೃತ್ತ ನರ್ಸ್, ಸೊಂಟಕ್ಕೆ ಎನೆಲೆಸಳ ಬಟ್ಟೆ ಸುತ್ತಿಕೊಂಡು ಒಳಗೆ ಕೂತಿದ್ದವರು ಕಣ್ಣು ಊದಿಸಿಕೊಂಡು ಹೊರಬಂದರು. "ಆ ಅಜ್ಜಿ ಯಾರಂತಲೂ ನನಗೆ ಗೊತ್ತಿಲ್ಲ. ಪಕ್ಕದವಳು ಕೈ ಹಿಡಿದು ಅತ್ತಳು. ನನಗೂ ತಡೆಯೋಕಾಗಲಿಲ್ಲ."

ಹೊಟ್ಟೆಕಿಚ್ಚಾಯಿತು. ಒಂದು ವರ್ಷದ ಮೇಲೆ ನನ್ನೊಳಗೆ ಏನೋ ಒಂದು ಆಯಿತಲ್ಲ.

ಜೂನ್ ೨೧, ಶುಕ್ರವಾರ

ಮಣ್ಣಾದ ಮೇಲೂ ಹತ್ತಿರದವರು ಬಂದು ಕೂರುತ್ತಾರೆ. ನಿನ್ನೆ ಹೋದೆ, ಇವತ್ತೂ ಹೋದೆ. ದೂರದಲ್ಲಿ ಡ್ವೈಟ್ ತಂಡದ ಸುತ್ತಿಗೆ ಸದ್ದು. ಸ್ಟೂಲು ಬರಲಿಲ್ಲ. ಮರೆತರೋ ಏನೋ.

ಹೊತ್ತೇರಿದ ಮೇಲೆ ಚಿಸಾಲೆ ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಬೇಲಿ ನೋಡಿದೆವು. ಬೇಲಿಯ ಮೇಲೆ ಮುದುಕಿಯ ಸೀರೆಯಂಥ ಬಟ್ಟೆ ಒಣಗುತ್ತಿತ್ತು. ಒಳಗೆ ತೆಗೆಯಲು ಯಾರಿಗೂ ಕೈ ಬಂದಿಲ್ಲ.

"ಅಳು ಬರಲಿಲ್ಲೇನು?" ಅಂದ.

"ಇಲ್ಲ."

"ತಿಯಾಮಿಕೆ ಹೋದಾಗ?"

"ಆಗೂ ಇಲ್ಲ."

"ಅದಕ್ಕ ಬರಲಿಲ್ಲ ನೀನು? ಯಾರ ಮಣ್ಣಿಗೂ?"

ಹೌದೆಂದು ತಲೆಯಾಡಿಸಿದೆ.

"ಹುಚ್ಚಪ್ಯಾಲಿ. ನನಗೂ ಬರವಲ್ದು, ಹಡದವ್ವಗ. ಕುಣಿ ತೋಡಿ ತೋಡಿ ಬೆವರಷ್ಟ ಬರತೈತಿ." ಕಡ್ಡಿಯಿಂದ ಹಲ್ಲು ಕೆದರಿಕೊಂಡ. "ಗಂಡಸರಿಗೆ ಅಳ್ರಿ ಅಂತ ಯಾರಂದಾರ? ಅಳಾಕ ಒಳಗ ಹೆಂಗಸರು ಅದಾರ. ಹೊರಗ ಬಂದು ಕುಂತ್ರ ಸಾಕು."

ಶನಿವಾರದ ಮಾತು ಅವನು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಸಾರ್ ಅನ್ನಲಿಲ್ಲ. ಭಾವಾ ಅನ್ನಲೂ ಇಲ್ಲ.

ಮನೆಗೆ ಬಂದು ಮಂಚದ ಕೆಳಗಿನ ಕಲ್ಲು ಹೊರಗೆಳೆದು ಒರೆಸಿದೆ. ಮಾವ ಕಚಿಗಾಂಬ ಹೇಳಿ ಕಳಿಸಿದ್ದಾರೆ: "ಅವರು ಬರಲಿ ಬಿಡಲಿ, ಅಡಗಿ ಮಾಡಿಸ್ರಿ. ಬರಲಿಲ್ಲಂದ್ರ ನಾನಽ ತಿಂತೀನಿ."

ಜೂನ್ ೨೨, ಶನಿವಾರ, ಬೆಳಗ್ಗೆ

ಹಂಡೆಗಳು ಒಲೆಯ ಮೇಲೆ. ಮೆಕ್ಕೆಜೋಳದ ಮುದ್ದೆ ತೊಳಸಲು ಎನೆಲೆಸ್ ನಾಲ್ಕು ಹೆಂಗಸರನ್ನು ಕರೆದಿದ್ದಳು. ಅವಳೊಬ್ಬಳೇ ಇದ್ದಾಳೆ. ಮಂಜು. ರಸ್ತೆ ಕಾಣುವುದಿಲ್ಲ. ಮಾವ ಗೋಡೆಗೊರಗಿ ಕೂತು, ನಿಜವಾಗಿಯೂ ಅಷ್ಟನ್ನೂ ತಾವೇ ತಿನ್ನಬೇಕಾದೀತು ಅನ್ನುವಂತೆ ಹಂಡೆ ನೋಡುತ್ತಿದ್ದಾರೆ.

ತಂಡದವರು ಬಂದಿದ್ದಾರೆ. ಯಾರೂ ಹೇಳದೆಯೇ ಡ್ವೈಟ್ ನೆಲದ ಮೇಲೆ ಕೂತಿದ್ದಾರೆ. ಕೈ ತೊಡೆಯ ಮೇಲೆ. ಕಲಿತರು ಮನುಷ್ಯ.

ಬೆಳಕು ಬಲಿಯಿತು. ಯಾರೂ ಇಲ್ಲ. ಕಲ್ಲು ಬಾಗಿಲ ಪಕ್ಕ ಒರಗಿದೆ, ನೆಂಟರ ಮನೆಗೆ ಬಂದವಳ ಹಾಗೆ. ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇನೆ. ತಡವಾಗಿದೆ ಅಷ್ಟೇ. ಇಲ್ಲಿ ಎಲ್ಲರೂ ತಡವಾಗಿಯೇ...

ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಗುದ್ದಲಿಗಳು. ಬಹಳ ಇವೆ.

ಬೇಲಿಯಾಚೆಯಿಂದ ಚಿಸಾಲೆಯ ಗಂಟಲು, ಊರಿಗೆಲ್ಲ ಕೇಳುವ ಹಾಗೆ: "ಲೇ ಭಾವಾ! ಎಲ್ಲಿ ಅಡಗೀಯೋ? ನಮ್ಮವ್ವನ ಕೊಂಬಿ ಮ್ಯಾಲೆ ಹಾಯಿಸಿದಿ, ಹೌದಿಲ್ಲೋ? ದಂಡ! ಎರಡು ಹುಂಜ! ಒಂದು ಗಾಡೀಗೆ, ಒಂದು ಹಾಡಿಗೆ!"

ಗಾಡೀಗೆ, ಹಾಡಿಗೆ. ಅವನ ಮಾತು ನನ್ನ ಕಿವಿಯಲ್ಲಿ ಕನ್ನಡವಾಗುವಾಗ ತಾನೇ ಕೂಡಿಕೊಂಡಿತು. ತಿಯಾಮಿಕೆ ನಗುತ್ತಿದ್ದುದು ಇಂಥಲ್ಲೇ.

ಹುಂಜ ಇರುವುದು ಒಂದೇ. ಮೊನ್ನೆ ತಿರುಗಿ ಬಂದದ್ದು. ಇನ್ನೊಂದಕ್ಕೆ ಎನೆಲೆಸ್ ಪಕ್ಕದ ಮನೆಗೆ ಓಡಿದ್ದಾಳೆ, ಬೈಯುತ್ತ, ನಗುತ್ತ. ಏಳಬೇಕು. ಅಕ್ಷರ ಮಸುಕಾಗಿದೆ. ಹೊಗೆ ಇರಬೇಕು. ಒಲೆ ಆ ಕಡೆ —