ಶಿವಶಂಕರನ ಪ್ಯಾಂಟಿನ ಎರಡು ಇಂಚು

ರಾಯದುರ್ಗ,
ತಾ. 18-1-2025, ಶನಿವಾರ

ಪ್ರೀತಿಯ ಅಳಿಯ ರಾಮಾಂಜಿನೇಯನಿಗೆ, ನಿನ್ನ ಸೋದರಮಾವ, ಇಡೀ ದೇಶಕ್ಕೇ ಹೆಸರಾದ ಟೈಲರ್ ಹುಲುಗಪ್ಪನ ಆಶೀರ್ವಾದಗಳು. ನಗಬೇಡ. ನನ್ನ ಹೊಲಿಗೆ ನೋಡುವುದಕ್ಕೆಂದೇ ದಿಲ್ಲಿಯಿಂದ ವಿಮಾನದಲ್ಲಿ ಅಧಿಕಾರಿಗಳು ಬಂದಿಳಿದಿದ್ದಾರೆ.

ಮೊದಲು ನಿಮ್ಮ ಕ್ಷೇಮ. ಬಾಣಂತಿ ಶ್ರಾವಣಿಯ ಸೊಂಟನೋವು ಇಳಿಯಿತೇ? ಕೂಸಿನ ನೆಗಡಿ? ಮಡಕಶಿರದ ಚಳಿ ನಮ್ಮ ಕಡೆಯದಕ್ಕಿಂತ ಕೆಟ್ಟದ್ದು. ನನ್ನ ಮನೆಯವಳು ಚಿನ್ನಕ್ಕ ಹೊಲಿದು ಕಳಿಸಿದ ಕೌದಿ ಹೊದಿಸು ಎಂದು ಬರೆಯಬೇಕು, ಕೈ ಬರುತ್ತಿಲ್ಲ. ಯಾಕೆಂದು ಹೇಳುತ್ತೇನೆ. ನನ್ನ ಫೋನು ಪೊಲೀಸರ ಹತ್ತಿರ ಇದೆ, ಅದಕ್ಕೇ ಈ ಕಾಗದ. ಮೊಮ್ಮಗನನ್ನು ನೋಡಲು ಬರುತ್ತಿರುವ ನಿನ್ನ ಅವ್ವನ ಕೈಯಲ್ಲೇ ಕೊಡುತ್ತಿದ್ದೇನೆ. ಕೊಟ್ರಮ್ಮಕ್ಕನಿಗೆ ಓದು ಬಾರದಿರುವುದು ಈ ಸಲ ಒಳ್ಳೆಯದೇ ಆಯಿತು.

ಕಣೇಕಲ್ಲು ಬಸ್ಸಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಶಿವಶಂಕರ ನೆನಪಿದ್ದಾನಲ್ಲ. ದಸರೆಗೆ ಮುಂಚೆ ಅವನನ್ನು ಅಂಗಡಿಗೆ ಕರೆತಂದು, "ಮಾಮಾ, ಇವ್ರ ಪ್ಯಾಂಟು ಉದ್ದ ಆಗ್ಯಾದ, ಎರಡು ಇಂಚು ಮೊಟಕು ಮಾಡಿಕೊಡು" ಎಂದವನು ನೀನು. ಪೇಪರಿನಲ್ಲೆಲ್ಲ ಬಂತಲ್ಲ, ಆ ದೊಡ್ಡ ರಾಜಕೀಯ ಮುಖಂಡರ ಕೊಲೆ; ತುಂಬಿದ ಸಭೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದವನು ಇವನೇ ಎಂದು ಹಿಡಿದಾಗ ಅವನ ಮೈಮೇಲೆ ಇದ್ದದ್ದು ಅದೇ ಪ್ಯಾಂಟು. ಸೊಂಟಪಟ್ಟಿಯ ಒಳಗೆ ನನ್ನ ಲೇಬಲ್ಲು: ಹುಲುಗಪ್ಪ ಟೈಲರ್, ರಾಯದುರ್ಗ. ನನ್ನ ಚಾಳಿ ನಿನಗೆ ಗೊತ್ತೇ ಇದೆ. ಯಾರೋ ಎಲ್ಲೋ ಹೊಲಿದ ಪ್ಯಾಂಟಾದರೂ ಸರಿ, ಒಂದು ಗುಂಡಿ ಹಾಕಿದರೂ ಸಾಕು, ನನ್ನ ಹೆಸರು ಹಚ್ಚದೆ ಕಳಿಸಿದವನಲ್ಲ. "ಮಾಮಾ, ಊರ ಮಂದೀನೆಲ್ಲಾ ಅಡ್ಡಾಡೋ ಬೋರ್ಡು ಮಾಡೀಯಲ್ಲೋ" ಎಂದು ನೀನೇ ಗೇಲಿ ಮಾಡುತ್ತಿದ್ದೆ.

ದಿಲ್ಲಿಯಿಂದ ಬಂದ ಆ ತನಿಖೆಯ ತಂಡದವರು ಹನ್ನೊಂದು ದಿನದಿಂದ ನನ್ನನ್ನು ದಿನಾ ಕರೆಸಿ ಕೂಡಿಸುತ್ತಿದ್ದಾರೆ. ಹೊಡೆದಿಲ್ಲ. ಹೊಡೆದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು. ನನ್ನೆದುರಿನ ಮೇಜಿನ ಮೇಲೆ ಆ ಪ್ಯಾಂಟನ್ನು ಮಲಗಿಸಿ, ಕಾಲುಗಳನ್ನು ನನ್ನ ಕಡೆ ತಿರುಗಿಸಿ ಹೊರಗೆ ಹೋಗುತ್ತಾರೆ. ಮೊಣಕಾಲಿನ ಹತ್ತಿರ ಒಂದು ಕರಿ ಕಲೆ. ಎರಡು ತಾಸು, ಮೂರು ತಾಸು, ಬರೀ ನಾನು ಮತ್ತು ಅದು. ನೋಡನೋಡುತ್ತ ಒಳಗೆ ಕಾಲು ತುಂಬಿಕೊಂಡಂತೆ ಕಾಣುತ್ತದೆ. ಆಮೇಲೆ ಸಾಹೇಬರು ಬಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಮೆತ್ತಗೆ, "ಏಮಯ್ಯಾ ಟೈಲರ್, ಹೆಸರು ನಿಂದು, ಹೊಲಿಗೆ ನಿಂದು, ಮನುಷ್ಯ ಮಾತ್ರ ಗೊತ್ತಿಲ್ಲಾ?" ಎನ್ನುತ್ತಾರೆ. "ನಾ ಹೊಲಿದಿಲ್ರಿ ಸರ, ಬರೀ ಕಾಲು ಮೊಟಕು ಮಾಡೀನ್ರಿ" ಎಂದರೆ ನಗುತ್ತಾರೆ. ಮಾಡದ ಕೆಲಸಕ್ಕೆಲ್ಲ ಮೂವತ್ತು ವರ್ಷ ಹೆಸರು ಹಚ್ಚಿದವನು ಈಗ ಮಾಡಿಲ್ಲವೆಂದರೆ ಯಾರು ನಂಬಬೇಕು?

ಅಂಗಡಿಗೆ ನೊಣವೂ ಬರುತ್ತಿಲ್ಲ. ಎದುರುಮನೆಯ ಮೂಕಪ್ಪ ಮಾತ್ರ ಬಂದ. ತನ್ನ ಮೂರು ಪ್ಯಾಂಟಿನ ಲೇಬಲ್ಲುಗಳನ್ನು ನನ್ನ ಕಣ್ಣೆದುರೇ ಬ್ಲೇಡಿನಿಂದ ಬಿಚ್ಚಿ, ಮಿಷಿನ್ನಿನ ಮೇಲೆ ಇಟ್ಟ. "ತಪ್ಪು ತಿಳೀಬ್ಯಾಡ ಹುಲುಗಣ್ಣ, ಮಕ್ಕಳು ಮರಿ ಇರಾಂವ ನಾನು" ಎಂದ. ಅವು ಇನ್ನೂ ಅಲ್ಲೇ ಇವೆ. ತೆಗೆಯಲು ಕೈ ಹೋಗುವುದಿಲ್ಲ.

ಕತ್ತರಿಸಿದ ಆ ಎರಡೆರಡು ಇಂಚಿನ ತುಂಡುಗಳನ್ನು ಪ್ಯಾಂಟಿಗೆ ಹೊಂದಿಸಿ ನೋಡಿದರೆ ನಾನು ಮಾಡಿದ್ದಿಷ್ಟೇ ಎಂದು ಯಾರಿಗಾದರೂ ತಿಳಿಯುತ್ತದೆ. ಚಿಂದಿಗಂಟನ್ನೆಲ್ಲ ಸುರುವಿ ಹುಡುಕಿದೆ. ಕೊನೆಗೆ ಚಿನ್ನಕ್ಕ ಹೇಳಿದಳು, ಅವನ್ನು ಕೌದಿಯ ಅಂಚಿಗೆ ಹಾಕಿದ್ದಾಳೆ. ನಿನ್ನ ಕೂಸು ಹೊದ್ದಿರುವ ಕೌದಿಗೆ. ಅಂದಿನಿಂದ ನಾನು ಕಣ್ಣು ಮುಚ್ಚಿದರೆ ಸಾಕು, ಆ ಪ್ಯಾಂಟು ಮೇಜಿನಿಂದ ಇಳಿದು, ತನ್ನ ತುಂಡು ಹುಡುಕುತ್ತ, ಮಡಕಶಿರದ ದಾರಿ ಹಿಡಿಯುತ್ತದೆ. ಮೈಯಿಲ್ಲ, ಬರೀ ಕಾಲು. ಕೌದಿಯ ಮಾತೆತ್ತಿದರೆ ನಾನು ಉಳಿದೇನು, ಆದರೆ ನಿನ್ನ ಮನೆಬಾಗಿಲು ತೋರಿಸಿದಂತಾಗುತ್ತದೆ. ಅದಕ್ಕೇ ಹನ್ನೊಂದು ದಿನವೂ ನಿನ್ನ ಹೆಸರು ನನ್ನ ಬಾಯಿಂದ ಬಿದ್ದಿಲ್ಲ. ನಿನ್ನ ಮಾವ ಕಲ್ಲು ಕಣೋ, ರತ್ನಗಿರಿ ಕೋಟೆಯ ಕಲ್ಲು.

ಶ್ರಾವಣಿಗೆ ನೂರು ವರ್ಷ ಮುತ್ತೈದೆತನ, ಕೂಸಿಗೆ ನನ್ನ ಮುದ್ದು. ದೊಡ್ಡವನಾದ ಮೇಲೆ ಅವನ ಅಂಗಿಗೆ ಯಾರ ಹೆಸರೂ ಹಚ್ಚುವುದಿಲ್ಲವೆಂದು ಹೇಳು.

ಇಂತಿ ನಿನ್ನ ಮಾವ,
ಹುಲುಗಪ್ಪ

ತಾ.ಕ.: ಬಸ್ಸಿಗೆ ಹೊತ್ತಾಯಿತೆಂದು ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಹನ್ನೊಂದು ದಿನವೂ ನಿನ್ನ ಹೆಸರು ಹೇಳಿಲ್ಲ ಎಂದು ಬರೆದದ್ದು ಸುಳ್ಳು. ಮೊದಲ ದಿನವೇ ನಿನ್ನ ಹೆಸರು ಹೇಳಿಬಿಟ್ಟೆ, ಅವರು ತರಿಸಿಕೊಟ್ಟ ಚಹಾ ಆರುವುದರೊಳಗೆ. ನೀನಿರುವ ಊರನ್ನು ಮಾತ್ರ ಬೊಮ್ಮನಹಾಳ್ ಎಂದೆ. ಅಲ್ಲೆಲ್ಲ ಹುಡುಕಿ, ಸಿಟ್ಟಾಗಿ ಬಂದಿದ್ದಾರೆ. ನೀನೂ ಶಿವಶಂಕರನೂ ನನ್ನ ಅಂಗಡಿಯಲ್ಲಿ ಕೂತು ಕೊಲೆಯ ಮಾತಾಡಿದ್ದನ್ನು ನಾನು ಕೇಳಿದೆ ಎಂದು ಒಂದು ಕಾಗದ ಬರೆದಿಟ್ಟು, ಸಹಿ ಹಾಕು ಎನ್ನುತ್ತಾರೆ. ನೀನು ಓಡಿಹೋಗಬೇಡ. ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು, ಕೌದಿ ಹಿಡಿದುಕೊಂಡು, ನೀನಾಗಿಯೇ ಅವರ ಮುಂದೆ ಹೋಗು. ಬೇಗ ಹೋಗು. ಸೋಮವಾರ ಬೆಳಿಗ್ಗೆ ನನ್ನನ್ನು ಮತ್ತೆ ಕರೆದಿದ್ದಾರೆ. ಸಹಿ ಇನ್ನೂ ಹಾಕಿಲ್ಲ. ಸೋಮವಾರದ ತನಕ ಇದು ನಿಜ.