ತುಟಿ ದುಂಡಗಾದಾಗ

ಶನಿವಾರ, ಊಟದ ಬಿಡುವಿಗೆ ಮನೆಗೆ ಬಂದಾಗ

ಬೂಟಿನ ಅಕ್ಕನಿಗೆ ಚಪ್ಪಲಿಯ ತಂಗಿ ಬರೆಯುವುದು,

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುವ ಹುಚ್ಚು ಇವಳಿಗೇಕೆ ಎಂದು ನೀನು ನಗುತ್ತಿರುತ್ತೀಯ. ಆದರೆ ಫೋನಿನಲ್ಲಿ ನಮ್ಮ ಮಾತು ಹೇಗಿರುತ್ತದೆಂದು ನಿನಗೆ ಗೊತ್ತಲ್ಲ. ನೀನು ಹೇಳುತ್ತೀಯ, ನಾನು ಹೂಂಗುಟ್ಟುತ್ತೇನೆ. ಕೊನೆಗೆ "ಸರಿ, ಇಡ್ಲಾ?" ಅನ್ನುತ್ತೀಯ. ನಾನು ಹೇಳಬೇಕೆಂದಿದ್ದು ಗಂಟಲಲ್ಲೇ ಕೂತುಬಿಡುತ್ತದೆ. ಕಾಗದದಲ್ಲಿ ನೀನು ಅಡ್ಡ ಬಾಯಿ ಹಾಕಲಾರೆ. ನಾಳೆ ಅಮ್ಮ ನಿನ್ನ ಪೊಲೀಸ್ ಕ್ವಾರ್ಟರ್ಸಿಗೆ ಬರುವಾಗ ಇದನ್ನು ಅವಳ ಕೈಯಲ್ಲಿ ಕಳಿಸುತ್ತೇನೆ.

ನನ್ನ ಕೆಲಸ ಏನೆಂದು ನಿನಗೆ ನಾನು ಸರಿಯಾಗಿ ಹೇಳಿಲ್ಲ. "ಏನೋ ಟೈಪಿಂಗ್" ಎಂದು ತೇಲಿಸಿಬಿಟ್ಟಿದ್ದೆ. ಸಾಹಿತ್ಯ ಓದಿದವಳು ಟೈಪಿಸ್ಟ್ ಆದಳು ಎಂದು ನೀನು ಆರು ತಿಂಗಳು ಆಡಿಕೊಂಡೆ, ನಾನೂ ಸುಮ್ಮನಿದ್ದೆ. ನಿಜವೇನೆಂದರೆ, ಪೊಲೀಸರು ಎದೆಗೆ ಸಿಕ್ಕಿಸಿಕೊಳ್ಳುವ ಕ್ಯಾಮೆರಾಗಳಲ್ಲಿ ದಾಖಲಾದ ಮಾತನ್ನು ಕೇಳಿ ಅಕ್ಷರಕ್ಕೆ ಇಳಿಸುವುದು ನನ್ನ ಕೆಲಸ. ನಿಮ್ಮ ಇಲಾಖೆ ಅದನ್ನು ನಮ್ಮ ಕಚೇರಿಗೆ ಗುತ್ತಿಗೆ ಕೊಟ್ಟಿದೆ. ತುಣುಕುಗಳ ಮೇಲೆ ಸಂಖ್ಯೆ ಇರುತ್ತದೆ, ಹೆಸರಿರುವುದಿಲ್ಲ.

ಎದೆಯ ಎತ್ತರದಿಂದ ಕಾಣುವ ಊರು ಬೇರೆಯೇ, ಅಕ್ಕ. ಮುಖಕ್ಕಿಂತ ಮೊದಲು ಅಂಗಿಯ ಗುಂಡಿಗಳು ಬರುತ್ತವೆ. ಚಿಲಕ ಹಿಡಿದ ಬೆರಳು, ಒರೆಸಿಕೊಳ್ಳದ ಒದ್ದೆ ಕೈ. ಕ್ಯಾಮೆರಾ ತೊಟ್ಟವರು ಓಡಿದರೆ ಬೀದಿಯೇ ಅಲೆಯ ಹಾಗೆ ಎದ್ದು ಬೀಳುತ್ತದೆ. ಬಗ್ಗಿದರೆ ನೆಲ ಹತ್ತಿರ ಬಂದು ನಿಲ್ಲುತ್ತದೆ. ಶಬ್ದಗಳು ನೀರಿನೊಳಗಿಂದ ಬಂದಂತೆ ಇರುತ್ತವೆ. ಹೆಡ್‌ಫೋನ್ ಹಾಕಿಕೊಂಡರೆ ನಾನು ಯಾರದೋ ಎದೆಯೊಳಗೆ ಕೂತು ತೇಲಿಹೋಗುತ್ತೇನೆ. ಸಂಜೆ ಮನೆಗೆ ನಡೆಯುವಾಗಲೂ ಆ ತೇಲಾಟ ನಿಂತಿರುವುದಿಲ್ಲ. ಎದುರಿಗೆ ಬರುವವರೆಲ್ಲ ಗುಂಡಿಗಳಾಗಿ, ಬೆರಳುಗಳಾಗಿ ಹಾದುಹೋಗುತ್ತಾರೆ.

ನಗುವೂ ಬರುತ್ತದೆ. ಒಬ್ಬ ಅಜ್ಜಿ ಕಳ್ಳತನದ ದೂರು ಕೊಡುವುದಕ್ಕೆ ಮೊದಲು, "ಕ್ಯಾಮೆರಾ ಆನ್ ಇದೆಯೇನಪ್ಪಾ? ಇರು ಹಾಗಾದ್ರೆ, ತಲೆ ಬಾಚ್ಕೊಂಡ್ ಬರ್ತೀನಿ" ಎಂದು ಒಳಗೆ ಹೋದವಳು, ಮುಖಕ್ಕೆ ಪೌಡರನ್ನೂ ಹಚ್ಚಿಕೊಂಡೇ ಬಂದಳು. ಕೆಲವು ಸಲ ಮಾತ್ರ ನಾನು ಕಣ್ಣು ಮುಚ್ಚಿಕೊಂಡು ಬರೀ ಕೇಳುತ್ತೇನೆ. ಮಡಿಸದ ಹಾಸಿಗೆ, ಅಳುವ ಹೆಂಗಸು. ಅದನ್ನು ನೋಡುವ ಹಕ್ಕು ನನಗಿಲ್ಲ ಅನ್ನಿಸುತ್ತದೆ.

ಈ ಕ್ಯಾಮೆರಾ ಬೇಕೋ ಬೇಡವೋ ಎಂದು ಊರು ಇಬ್ಭಾಗವಾಗಿದ್ದಾಗ ನೀನು ನನ್ನನ್ನು ಒಂದು ಸಭೆಗೆ ಕರೆದುಕೊಂಡು ಹೋಗಿದ್ದೆ. ಕೊನೆಯ ಸಾಲಿನಲ್ಲಿ ಕೂತಿದ್ದೆವು. ಒಬ್ಬ ಹೆಂಗಸು ಎದ್ದು, ನನ್ನ ಬದುಕಿನ ಅತಿ ಕೆಟ್ಟ ದಿನ ನಾನು ಪೊಲೀಸರನ್ನು ಕರೆದೆ, ಆ ದಿನವನ್ನು ಯಾರೋ ಬೀರುವಿನಲ್ಲಿ ಇಟ್ಟುಕೊಳ್ಳುವುದು ನನಗೆ ಬೇಡ ಅಂದಳು. ನಿಮ್ಮ ಪೈಕಿಯ ಹಿರಿಯರೊಬ್ಬರು, ಹೀಗಾದರೆ ಕೈ ಎತ್ತುವ ಮುಂಚೆ ನಮ್ಮ ಹುಡುಗರು ಹಿಂದೆಮುಂದೆ ನೋಡುತ್ತಾರೆ ಎಂದು ಗೊಣಗಿದರು. "ನೋಡ್ಲಿ ಬಿಡಿ ಸಾರ್, ಅದಕ್ಕೇ ತಾನೇ ಕೇಳ್ತಿರೋದು" ಎಂದು ಹಿಂದಿನಿಂದ ಯಾರೋ ಅಂದರು. ಸಭೆಯೆಲ್ಲ ನಕ್ಕಿತು. ಆಗ ನೀನು ಎದ್ದು ನಿಂತು ಮೊದಲ ಕ್ಯಾಮೆರಾ ನನಗೇ ಕೊಡಿ ಅಂದೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ತಲೆ ತಗ್ಗಿಸಿ ಪಕ್ಕದವರ ಬೂಟು ನೋಡುತ್ತಾ ಕೂತುಬಿಟ್ಟೆ.

ಕಳೆದ ಬುಧವಾರ ನನ್ನ ಮೇಜಿಗೆ ಒಂದು ತುಣುಕು ಬಂತು. ವಸತಿ ಕಟ್ಟಡದ ಮೆಟ್ಟಿಲು. ತೊಟ್ಟವರ ಉಸಿರು ಕೇಳುತ್ತಿತ್ತು. ಅವರು ಬಾಗಿಲೊಂದನ್ನು ತಟ್ಟಿದ ರೀತಿ ಕೇಳಿದ ಕೂಡಲೇ ನನ್ನ ಕೈ ಕೀಲಿಮಣೆಯ ಮೇಲೆ ನಿಂತುಹೋಯಿತು. ಎರಡು ಸಲ ಮೆಲ್ಲಗೆ ತಟ್ಟಿ, ಆಮೇಲೆ ಅಂಗೈಯಿಂದ ಒಂದು ಪೆಟ್ಟು. ಬಚ್ಚಲಿನಲ್ಲಿ ನಾನು ಹೊತ್ತು ಮಾಡಿದಾಗಲೆಲ್ಲ ಕೇಳುತ್ತಿದ್ದ ಸದ್ದು. ಅಕ್ಕ, ನಾನು ನಿನ್ನ ಎದೆಯೊಳಗೆ ಕೂತಿದ್ದೆ.

ಇಸ್ತ್ರಿ ಅಂಗಡಿಯವನ ವಿಷಯ ಎಂದು ನಿನಗೆ ಈಗ ಅರ್ಥವಾಗಿರುತ್ತದೆ. ಮೇಲಿನ ಮಹಡಿಯಲ್ಲಿ ಕಳ್ಳತನವಾಯಿತೆಂದು ನಿಮ್ಮನ್ನು ಕರೆದಿದ್ದರು. ಇವನು ಬಟ್ಟೆ ಗಂಟು ಹೊತ್ತು ದಡದಡ ಇಳಿಯುತ್ತಿದ್ದ. ಕೆಳಗಿನ ಮೆಟ್ಟಿಲಲ್ಲಿ ನಿನ್ನ ಜೊತೆಗಾರ, ನೀವೆಲ್ಲ ಗುಡ್ಡ ಎಂದು ಕರೆಯುವವರು, ಅಡ್ಡ ನಿಂತಿದ್ದರು. ನೀನು ಇವನ ಹಿಂದೆ, ಮೇಲಿನಿಂದ ಬರುತ್ತಿದ್ದೆ. ನಿಲ್ಲಲು ಹೇಳಿದಾಗ ಅವನು ನಿಂತ. ಗಂಟಿನೊಳಗೆ ಕೈ ಹಾಕಿದ. ನೀನು ಒಂದೇ ಒಂದು ಮಾತು ಕೂಗಿದೆ. ಗುಡ್ಡ ಲಾಠಿ ಬೀಸಿದರು. ಅವನ ಬಲಗೈ ಮಣಿಕಟ್ಟು ಮುರಿಯಿತು. ಗಂಟಿನಿಂದ ಉರುಳಿದ್ದು ಇಸ್ತ್ರಿಯಾದ ಅಂಗಿಗಳು. ಅವು ಮೆಟ್ಟಿಲ ಮೇಲೆ ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ಬಿಚ್ಚಿಕೊಳ್ಳುವುದನ್ನು ನಿನ್ನ ಕ್ಯಾಮೆರಾ ಬಹಳ ಹೊತ್ತು ನೋಡಿದೆ. ನೀನೂ ಅದನ್ನೇ ನೋಡುತ್ತಾ ನಿಂತಿದ್ದೆ ಎಂದಾಯಿತು.

"ಹಿಡಿ ಅಂದೆ, ಅವರು ಹೊಡೆದ್ರು" ಎಂದು ನೀನು ವಿಚಾರಣೆಯಲ್ಲಿ ಹೇಳಿಕೆ ಕೊಟ್ಟಿದ್ದೀಯ. ಮನೆಯಲ್ಲಿ ಅಮ್ಮನಿಗೂ ಹಾಗೇ ಹೇಳಿದೆ. "ಹೊಡಿ ಅಂದ್ರು, ಹೊಡೆದೆ" ಎಂಬುದು ಗುಡ್ಡ ಅವರ ಹೇಳಿಕೆ. ಅವರ ಮಾತನ್ನು ಯಾರೂ ನಂಬುತ್ತಿಲ್ಲ. ಆ ಮೈಕಟ್ಟು ನೋಡಿ, ಆ ಗಂಟಲು ಕೇಳಿದವರು ಹೇಗೆ ನಂಬಿಯಾರು? ಸೋಮವಾರ ವಿಚಾರಣೆ ಮುಗಿದರೆ ಅವರ ಕೆಲಸ ಹೋಗುತ್ತದೆ.

ಬರಹದಲ್ಲಾದರೆ ಈ ಗೊಂದಲವೇ ಇರುತ್ತಿರಲಿಲ್ಲ. ಹಿಡಿ, ಹೊಡೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬಾಯಲ್ಲಿ ಮಾತ್ರ ಹೊಡೆ ಎಂಬುದು ಹೊಡಿ ಆಗಿ, ಹಿಡಿಯ ಪಕ್ಕಕ್ಕೆ ಬಂದು ನಿಂತುಬಿಡುತ್ತದೆ. ನಿನ್ನ ಜಾಕೆಟ್ ಮೈಕಿಗೆ ಉಜ್ಜಿದ್ದರಿಂದ ಮೊದಲ ಅಕ್ಷರ ಅಳಿಸಿಹೋಗಿದೆ. ಮೊದಲ ಸಲ ಹಿಡಿ ಎಂದು ಕೇಳಿಸಿತು. ಎರಡನೆಯ ಸಲ ಹೊಡಿ. ಆಮೇಲಾಮೇಲೆ ಅದು ಪದವಾಗಿಯೇ ಉಳಿಯಲಿಲ್ಲ, ದೂರದಲ್ಲಿ ಯಾರೋ ಹೊದಿಕೆ ಕೊಡವಿದ ಸದ್ದಾಯಿತು.

ನಮ್ಮ ಮೇಲ್ವಿಚಾರಕಿಗೆ ನಾವಿಟ್ಟ ಹೆಸರು ಅಲ್ಪವಿರಾಮ ಮೇಡಂ. ಅವರು ಒಂದು ಅಲ್ಪವಿರಾಮಕ್ಕಾಗಿ ಇಡೀ ಪುಟ ತಿರುಗಿ ಟೈಪ್ ಮಾಡಿಸುತ್ತಾರೆ. "ಕೇಳ್ಸಿದ್ದು ಬರೀರಿ, ನಿಮಗೆ ಬೇಕಾದ್ದು ಬರೀಬೇಡಿ" ಎಂಬುದು ಅವರ ದಿನನಿತ್ಯದ ಬೈಗುಳ. ಕೇಳಿಸದೆ ಹೋದರೆ 'ಅಸ್ಪಷ್ಟ' ಎಂದು ಬರೆಯುವ ಅನುಕೂಲವೂ ಇದೆ. ಎಂಥ ಮೆತ್ತನೆಯ ಪದ. ಅದನ್ನು ಬರೆದು ಎದ್ದುಹೋಗಿದ್ದರೆ ನೀನು ಉಳಿದುಕೊಳ್ಳುತ್ತಿದ್ದೆ, ಸುಳ್ಳು ಬರೆದ ಪಾಪವೂ ನನಗೆ ಅಂಟುತ್ತಿರಲಿಲ್ಲ.

ಆದರೆ ಗುಡ್ಡ ಅವರ ಕ್ಯಾಮೆರಾದ ತುಣುಕೂ ಜೊತೆಗಿತ್ತು. ಅದರಲ್ಲಿ ಸರಿಯಾಗಿ ಆ ಕ್ಷಣಕ್ಕೆ ಯಾರೋ ಬಾಗಿಲು ಬಡಿದಿದ್ದಾರೆ, ಮಾತು ಮುಳುಗಿಹೋಗಿದೆ. ಹಾಗಾಗಿ ಅದರಿಂದ ಉಪಯೋಗವಿಲ್ಲ ಎಂದು ಎಲ್ಲರೂ ಬಿಟ್ಟಿದ್ದರು. ನನಗೆ ಜನರ ಕಣ್ಣು ನೋಡಿ ಮಾತಾಡಲು ಬರುವುದಿಲ್ಲವಲ್ಲ, ಬಾಯಿ ನೋಡುತ್ತೇನೆ. ಹೆಡ್‌ಫೋನ್ ತೆಗೆದಿಟ್ಟು ಬರೀ ನೋಡಿದೆ. ಇಸ್ತ್ರಿಯವನ ಹೆಗಲ ಮೇಲಿನಿಂದ ನಿನ್ನ ಮುಖ ಕಂಡಿತು. ನೀನು ಅಷ್ಟು ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಹಿಡಿ ಅನ್ನುವಾಗ ತುಟಿ ಅಗಲವಾಗುತ್ತದೆ, ನಗುವಿಗೆ ಹತ್ತಿರ. ನಿನ್ನ ತುಟಿ ದುಂಡಗಾಯಿತು. ಊದಿ ದೀಪ ಆರಿಸುವ ಹಾಗೆ.

ಬೇಕಾದರೆ ಕನ್ನಡಿಯ ಮುಂದೆ ನಿಂತು ಎರಡನ್ನೂ ಹೇಳಿ ನೋಡು.

ನೀನು ಸುಳ್ಳು ಹೇಳುತ್ತಿದ್ದೀಯ ಎಂದು ನಾನು ಅನ್ನುತ್ತಿಲ್ಲ. ಹಿಡಿ ಎಂದೇ ಹೇಳಿದೆ ಎಂದು ನಿನಗೆ ನಿಜವಾಗಿ ನೆನಪಿರಬಹುದು. ನಡೆದದ್ದನ್ನು ಮನಸ್ಸು ರಾತ್ರಿ ನಿದ್ದೆಯಲ್ಲಿ ತಿದ್ದಿ ಬರೆಯುತ್ತದೆಯೋ ಏನೋ. ಅವನು ಗಂಟಿನೊಳಗೆ ಕೈ ಹಾಕಿದಾಗ ನನಗೂ ಜೀವ ಬಾಯಿಗೆ ಬಂತು. ನಾನು ನಿನ್ನ ಜಾಗದಲ್ಲಿದ್ದರೆ ಯಾವ ಪದವೂ ಹೊರಡುತ್ತಿರಲಿಲ್ಲ. ಆದರೆ ಕೈ ಮುರಿದುಕೊಂಡವನು ಈಗ ಎಡಗೈಯಲ್ಲಿ ಇಸ್ತ್ರಿ ಕಲಿಯುತ್ತಿದ್ದಾನೆ. ಅವನ ಅಂಗಡಿಯ ಮುಂದೆ ಹಾದುಬಂದೆ. ಕಾಲರುಗಳೆಲ್ಲ ಸೊಟ್ಟ. ನಿನ್ನ ಮಾತು ಕೇಳಿದ್ದಕ್ಕೆ ಗುಡ್ಡ ಬೀದಿಗೆ ಬೀಳುತ್ತಾರೆ. ಅವರು ಸುಮ್ಮನೆ ಕೈ ಎತ್ತಿದ ಮನುಷ್ಯ ಎಂದು ಎಲ್ಲ ಕಡೆ ದಾಖಲಾಗುತ್ತದೆ.

ಆ ಸಾಲನ್ನು ನಾನು ಖಾಲಿ ಬಿಟ್ಟಿದ್ದೇನೆ, ಅಕ್ಕ. ಸೋಮವಾರ ಬೆಳಿಗ್ಗೆಯವರೆಗೆ ಅದು ಖಾಲಿಯೇ ಇರುತ್ತದೆ. ನಾಳೆ ನೀನಾಗಿಯೇ ನಿನ್ನ ಸಾಹೇಬರ ಬಳಿ ಹೋಗಿ, ಹೆದರಿ ಹೊಡಿ ಅಂದೆ ಎಂದು ಹೇಳಿದರೆ, ನೀನು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ ಅಷ್ಟೆ. ಕೆಲಸ ಹೋದರೆ ಇಲ್ಲಿಗೆ ಬಾ. ನನ್ನ ಕೋಣೆ ಚಿಕ್ಕದು, ಆದರೆ ನಿನ್ನ ಬೂಟಿಗೆ ಜಾಗವಿದೆ. ನಾನು ನೋಡಿದ್ದು ಅಮ್ಮನಿಗೆ ಇನ್ನೂ ಗೊತ್ತಿಲ್ಲ. "ಏನೇ ಅಷ್ಟುದ್ದ ಕಾಗದ, ಮದುವೆ ವಿಷಯನಾ?" ಎಂದು ಕೇಳುತ್ತಿದ್ದಾಳೆ. ಹೂಂ ಅಂದಿದ್ದೇನೆ, ನೀನೇ ಸಂಭಾಳಿಸು.

ಬಾಗಿಲ ಆಚೆಯಿಂದ,
ನಿನ್ನ ಪಿಸು

ಮರೆತ ಮಾತು: ಸಾಲು ಖಾಲಿಯಿಲ್ಲ. ಹೊಡಿ ಎಂದು ಬರೆದು, ಯಾವ ತುಣುಕಿನಲ್ಲಿ ತುಟಿ ನೋಡಬೇಕೆಂದು ಸೂಚಿಸಿ, ಕೆಳಗೆ 'ತೊಟ್ಟವರು ನನ್ನ ಅಕ್ಕ, ಇನ್ನೊಬ್ಬರಿಂದಲೂ ಪರಿಶೀಲಿಸಿ' ಎಂದು ಸೇರಿಸಿ, ನಿನ್ನೆಯೇ ಮೇಡಂ ಕೈಗೆ ಒಪ್ಪಿಸಿದೆ. ಅದಾದ ಮೇಲೆ ಈ ಕಾಗದ ಶುರು ಮಾಡಿದೆ. ನೀನು ಯಾವುದನ್ನೂ ಕೊನೆಯವರೆಗೆ ಓದುವವಳಲ್ಲ. ಇಲ್ಲಿಗೆ ತಲುಪುವ ಮೊದಲೇ ಎದ್ದು, ಬೂಟು ಹಾಕಿಕೊಂಡು, ಸಾಹೇಬರ ಬಳಿಗೆ ಹೊರಟುಹೋಗಿರುತ್ತೀಯ ಎಂಬುದು ನನ್ನ ಆಸೆ.