ಹೊರಗ ನಿಂತ ಲೇಖಕರಿಗೆ

ಸೊಲೊಮನ್ ಸರ್ ಅವರಿಗೆ, ಇಳಕಲ್ಲದಾಗ ಸೀರಿ ನೇಯೂ ದಾಕ್ಷಾಯಣಿ ಮಾಡೂ ನಮಸ್ಕಾರ.

ಸಿಟ್ಟಿನ್ಯಾಗ ಬರೀಲಿಕ್ಕತ್ತೇನಿ, ತಪ್ಪ ತಿಳೀಬ್ಯಾಡ್ರಿ. ನಮ್ಮಪ್ಪ ತೀರಿಕೊಂಡ ಮ್ಯಾಲೆ ಹುನಗುಂದದ ಲೈಬ್ರರಿಯಾಗ ನಿಮ್ಮ ಪುಸ್ತಕ ಸಿಕ್ತು. ಸತ್ತವರ ಸಲುವಾಗಿ ಮಾಡಿದ ಪ್ರಾರ್ಥನಾ ಅವರಿಗೆ ಮುಟ್ಟತೈತಿ ಅಂತ ಅದರಾಗ ಬರೆದೀರಿ. ಹಂಗ ಪ್ರಾರ್ಥನಾ ಮಾಡವರು ಯಾರಂತ ಕೇಳಕೋತ ಬಾಗಲಕೋಟಿಯ ಕಥೋಲಿಕ ಚರ್ಚಿಗೆ ಹೋದೆ. ಈ ಈಸ್ಟರಿಗೆ ನನಗ ದೀಕ್ಷಾಸ್ನಾನ.

ನಿನ್ನೆ ಫಾದರ್, "ನಿನ್ನನ್ನು ಇಲ್ಲಿಗೆ ಕಳಿಸಿದ್ದು ಯಾರಮ್ಮಾ?" ಅಂತ ಕೇಳಿದ್ರು. ನಿಮ್ಮ ಹೆಸರು ಹೇಳಿದೆ. ನಕ್ಕುಬಿಟ್ರು. "ಅವರು ಪ್ರೊಟೆಸ್ಟಂಟರು. ಅವರ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ರೂಢಿಯೇ ಇಲ್ಲ. ಅವರನ್ನು ಓದಿ ಎಷ್ಟೋ ಜನ ಇಲ್ಲಿಗೆ ಬಂದಿದ್ದಾರೆ. ಅವರು ಮಾತ್ರ ಬಂದಿಲ್ಲ."

ಇದೇನ್ರಿ ಸರ? ನಮ್ಮ ಸೀರಿ ಒಡಲಿಗೆ ಸೆರಗನ್ನ ಎಳಿಗೆ ಎಳಿ ಕೊಂಡಿ ಹಾಕಿ ಜೋಡಿಸಬೇಕು. ಒಬ್ಬರಿಂದ ಆಗೂ ಕೆಲಸ ಅಲ್ಲ, ಎದುರಿಗೆ ಇನ್ನೊಬ್ಬರು ಕುಂದ್ರಬೇಕು. ದೀಕ್ಷಾಸ್ನಾನದ ಸುದ್ದಿ ಕೇಳಿದಾಗಿಂದ ಅವ್ವ ನನ್ನ ಎದುರಿಗೆ ಕುಂದ್ರವಲ್ಲಳು. ಮಗ್ಗ ನಿಂತೈತಿ. ನಿಮ್ಮ ಮಾತ ನಂಬಿ ನಾ ಅವ್ವನ್ನ ಎದುರ ಹಾಕ್ಕೊಂಡೆ. ನೀವು ನೋಡಿದ್ರ ಬಾಗಿಲ ಹೊರಗ ನಿಂತೀರಿ.

ದೀಕ್ಷಾಸ್ನಾನದ ದಿನ ಬಂದು ನನ್ನ ಬಾಜೂಕ ನಿಂದರ್ರಿ. ಪ್ರೊಟೆಸ್ಟಂಟರೂ ಸಾಕ್ಷಿಯಾಗಿ ನಿಲ್ಲಬಹುದು ಅಂತ ಫಾದರ್ ಹೇಳ್ಯಾರ. ಬರಾಕ ಆಗದಿದ್ರ ಬಿಡ್ರಿ. ಆದ್ರ ನೀವು ಯಾಕ ಒಳಗ ಬರಲಿಲ್ಲ ಅನ್ನೂದನ್ನ ಈಸ್ಟರ್ ಆಗೂ ತನಕ ನನಗ ತಿಳಿಸಬ್ಯಾಡ್ರಿ. ನೀವು ಏನ ಬರೀರಿ, ನಾ ನಂಬಿಬಿಡತೇನಿ.

ನಿಂತ ಮಗ್ಗದ ಮುಂದ ಕುಂತಾಕಿ,
ದಾಕ್ಷಾಯಣಿ